ಬರ್ತೇನೆ ಎಂಬ ತಂತಿ

ಉತ್ತರಕ್ಕಿರುವ ಬೊಂಬಾಯಿಗೆ ಹೋಗಲು ನಮ್ಮ ರೈಲು ಆ ಕಾಲದಲ್ಲಿ ದಕ್ಷಿಣಕ್ಕೆ ಹೊರಡುತ್ತಿತ್ತು. ಮಂಗಳೂರಿನಿಂದ ಕೇರಳಕ್ಕಿಳಿದು, ಆ ಕಡೆಯ ಘಟ್ಟ ದಾಟಿ, ಅರ್ಧ ದೇಶಕ್ಕೆ ಪ್ರದಕ್ಷಿಣೆ ಹಾಕಿ, ಬೆನ್ನು ಮರಗಟ್ಟಿದ ಮೇಲೆ ಬೊಂಬಾಯಿ. ಈಗ ಇದನ್ನು ಹೇಳಿದರೆ ನನ್ನ ಮಕ್ಕಳು ಅಮ್ಮನಿಗೆ ದಿಕ್ಕು ತಪ್ಪಿದೆ ಎಂದು ನಗುತ್ತಾರೆ. ನಗಲಿ, ಅವರಿಗೇನು ಗೊತ್ತು.

ಆ ವರ್ಷ ನಾನು ಮೂಡುಬಿದಿರೆಯಲ್ಲಿ ಪಿಯುಸಿ ಓದುತ್ತಿದ್ದೆ. ಅಮ್ಮನ ಹೃದಯದ ಕವಾಟ ಕೆಟ್ಟಿತ್ತು. ಅಪ್ಪ ಬೊಂಬಾಯಿಯ ಕ್ಯಾಂಟೀನೊಂದರಲ್ಲಿ ಕೆಲಸಕ್ಕಿದ್ದುದರಿಂದ ಆಪರೇಷನ್ ಅಲ್ಲಿಯೇ ಎಂದು ತೀರ್ಮಾನವಾಯಿತು. ಬದುಕುತ್ತಾಳೋ ಇಲ್ಲವೋ ಎಂದು ಡಾಕ್ಟರು ಬಾಯಿಬಿಟ್ಟು ಹೇಳಿರಲಿಲ್ಲ. ಅಮ್ಮನಿಗೆ ಆ ಚಿಂತೆಗಿಂತ ದೊಡ್ಡ ಚಿಂತೆ ಬೇರೆ ಇತ್ತು. ಹೊರಡುವ ಮೊದಲು ತನ್ನ ಕೈಯಿಂದ ಅಣ್ಣ ಒಂದು ಲೋಟ ನೀರು ಕುಡಿಯಬೇಕು.

ಅಣ್ಣ ಎಂದರೆ ನನ್ನ ಸೋದರಮಾವ. ಎಂಟು ವರ್ಷಗಳಿಂದ ಅವರು ಸಿದ್ಧಕಟ್ಟೆಯ ನಮ್ಮ ಮನೆಯ ನೀರು ಮುಟ್ಟಿರಲಿಲ್ಲ. ಕಾರಣ ಕೇಳಿದರೆ ನೀವೂ ನಗುತ್ತೀರಿ. ರಜೆಯಲ್ಲಿ ಬಂದಿದ್ದ ಅಪ್ಪ ಒಂದು ಸಂಜೆ ಅವರನ್ನು "ಭಾವ, ಯಾವಾಗ ಹೊರಡುವುದು?" ಎಂದು ಕೇಳಿಬಿಟ್ಟಿದ್ದರು. ಕೊನೆಯ ಬಸ್ಸು ತಪ್ಪಬಾರದು ಎಂಬ ಕಾಳಜಿ, ಅಷ್ಟೆ. ಆದರೆ ನಮ್ಮ ಕಡೆ ನೆಂಟರನ್ನು ಹಾಗೆ ಕೇಳುವುದೂ ಒಂದೇ, ಕುತ್ತಿಗೆ ಹಿಡಿದು ನೂಕುವುದೂ ಒಂದೇ. ಮಾವ ಆ ಕ್ಷಣವೇ ಎದ್ದು ಹೋದರು. ಆಮೇಲೆ ಬಂದರೂ ಅಂಗಳದಲ್ಲಿ ನಿಂತು ಮಾತಾಡಿಸಿ, ಬಾಯಿ ಒಣಗಿಸಿಕೊಂಡು ವಾಪಸಾಗುತ್ತಿದ್ದರು.

ನಮ್ಮನ್ನು ರೈಲು ಹತ್ತಿಸಲು ಮಂಗಳೂರಿಗೆ ಬಂದ ಮಾವ ಡಬ್ಬಿಯೊಳಗೂ ಬಂದರು. ಅಮ್ಮ ಕೂಡಲೇ ಕೂಜದ ಮುಚ್ಚಳ ತಿರುಗಿಸಿ, ಲೋಟಕ್ಕೆ ನೀರು ಬಗ್ಗಿಸಿ, ಬೆಲ್ಲದ ತುಂಡಿನೊಂದಿಗೆ ಮುಂದೆ ಹಿಡಿದಳು.

"ನಿನ್ನ ಮನೆಯ ನೀರು ನನಗೆ ಆಗುವುದಿಲ್ಲ ಅಂತ ಗೊತ್ತುಂಟಲ್ಲ."

"ಇದು ಮನೆಯಾ? ರೈಲಲ್ವಾ?"

"ಎರಡು ದಿನ ನೀನು ಇಲ್ಲೇ ಉಣ್ತಿ, ಇಲ್ಲೇ ಮಲಗ್ತಿ. ಮತ್ತೆ ಮನೆಯಲ್ಲದೆ ಏನು?"

ಎದುರು ಸೀಟಿನ ಬ್ಯಾರಿ ವ್ಯಾಪಾರಿ, ರೈಲು ಸರಕಾರದ್ದು, ಧಾರಾಳವಾಗಿ ಕುಡಿಯಬಹುದು ಎಂದರು. ಕಿಟಕಿ ಪಕ್ಕದ ಮೇಷ್ಟ್ರು, ರೈಲು ಸರಕಾರದ್ದಾದರೂ ಕೂಜ ಮನೆಯದ್ದು ಎಂದರು. ಈ ವಾದ ಮುಗಿಯುವ ಮೊದಲೇ ರೈಲು ಹೊರಟುಬಿಟ್ಟಿತು. ಟಿಕೆಟ್ಟಿಲ್ಲದ ಮಾವ, ಕೈಯಲ್ಲಿ ಕೊಡೆ, ಮುಖದಲ್ಲಿ ಮಾತ್ರ ನ್ಯಾಯಾಧೀಶರ ಗಾಂಭೀರ್ಯ.

ಟಿಸಿ ಬಂದು ಮೊದಲು ಕೇಳಿದ್ದೇ "ನೀವು ಎಲ್ಲಿ ಇಳಿಯುವುದು?" ಎಂದು.

"ನೋಡು! ಇವನೂ ಕೇಳಿದ!" ಎಂದು ಮಾವ ಕೂಗಿದರು. ಟಿಸಿ ಎರಡು ಹೆಜ್ಜೆ ಹಿಂದೆ ಸರಿದು, ಕಾಸರಗೋಡಿನಲ್ಲಿ ಇಳಿದರೆ ಸಾಕು ಎಂದು ಕೈಮುಗಿದ.

ಕಾಸರಗೋಡು ಬಂತು. ಮಾವ ಕೊಡೆ ಎತ್ತಿಕೊಂಡರು. ಅಮ್ಮ ಏದುಸಿರಿನಲ್ಲೇ ಹೇಳಿದಳು: "ಆಯ್ತು ಅಣ್ಣ. ನಾನು ಹೋಗ್ತೇನೆ."

 ನಮ್ಮಲ್ಲಿ ಪೇಟೆಗೆ ಹೊರಟವರೂ "ಹೋಗಿ ಬರ್ತೇನೆ" ಎನ್ನಬೇಕು. ಬರೀ "ಹೋಗ್ತೇನೆ" ಎಂದರೆ ಮತ್ತೆ ಬರುವುದಿಲ್ಲ ಎಂದರ್ಥ.

"ಬರ್ತೇನೆ ಅಂತ ಹೇಳು ಮಾರಾಯ್ತಿ," ಎಂದರು ಮಾವ. ಎತ್ತಿದ ಕೊಡೆಯನ್ನು ಮತ್ತೆ ಸೀಟಿನ ಮೇಲಿಟ್ಟರು.

"ನೀನು ನೀರು ಕುಡಿ. ಹೇಳ್ತೇನೆ."

ಮಾವ ಲೋಟ ಬಿಟ್ಟು ಕೂಜವನ್ನೇ ಎತ್ತಿ ಗಟಗಟ ಕುಡಿದರು. ಅಂಗಿಯೆಲ್ಲ ಒದ್ದೆ. ಅಷ್ಟರಲ್ಲಿ ರೈಲು ಅಲುಗಿತು, ಮೇಷ್ಟ್ರು ಅವರನ್ನು ಬಾಗಿಲಿನಿಂದ ಹೆಚ್ಚುಕಡಿಮೆ ದೂಡಿಯೇ ಇಳಿಸಿದರು. ಅಮ್ಮ ಕಿಟಕಿಯಿಂದ "ಹೋಗಿ ಬರ್ತೇನೆ ಅಣ್ಣ!" ಎಂದು ಕೂಗಿದಳು. ಎಂಜಿನ್ನಿನ ಶಿಳ್ಳೆ ಅದನ್ನು ನುಂಗಿತು. ಪ್ಲಾಟ್‌ಫಾರ್ಮಿನಲ್ಲಿ ಓಡುತ್ತಿದ್ದ ಮಾವ ಕಿವಿಗೆ ಕೈಯಿಟ್ಟು "ಏನು? ಏನು?" ಎನ್ನುತ್ತ ಹಿಂದೆ ಉಳಿದರು.

ಆಪರೇಷನ್ನಿನ ಹಿಂದಿನ ದಿನ ಅಪ್ಪನ ಕ್ಯಾಂಟೀನಿಗೆ ಇಂಗ್ಲಿಷಿನಲ್ಲಿ ಒಂದು ತಂತಿ ಬಂತು: 'ಸೆಡ್ ಆರ್ ನಾಟ್'. ಹೇಳಿದಳೋ ಇಲ್ಲವೋ ಎಂದು ಮಾವ ಕೇಳಿದ್ದು. ಅಪ್ಪ ಅದನ್ನು ಎಸ್, ಎ, ಐ, ಡಿ ಎಂದು ಅಕ್ಷರಕ್ಕೆ ಅಕ್ಷರ ಓದಿ, "ಯಾರು ಈ ಸಯೀದ್?" ಎಂದು ಬೊಂಬಾಯಿಯಲ್ಲಿದ್ದ ಊರಿನವರನ್ನೆಲ್ಲ ವಿಚಾರಿಸುತ್ತ ತಿರುಗಿದರು. ತಂತಿ ನನ್ನ ಕೈಗೆ ಬಂದದ್ದು ಮರುದಿನ ಬೆಳಿಗ್ಗೆ. ಅಮ್ಮನನ್ನು ಆಗಲೇ ಗಾಲಿಮಂಚದಲ್ಲಿ ತಳ್ಳಿಕೊಂಡು ಹೋಗುತ್ತಿದ್ದರು. ಓದಿ ಹೇಳಿದೆ. "ಹೋಗಿ ಬರ್ತೇನೆ ಅಂತ ಕಳಿಸು," ಎಂದಳು.

ತಂತಿ ಎಂದರೆ ಚಿಕ್ಕದಾಗಿರಬೇಕು. ಹೋಗುವುದನ್ನು ಬರೆಯಲು ನನಗೆ ಕೈ ಬರಲಿಲ್ಲ. ಬರುವುದನ್ನು ಮಾತ್ರ ಬರೆದೆ: 'ಕಮಿಂಗ್'.

ಅಮ್ಮ ಅಲ್ಲಿ ಪ್ರಜ್ಞೆಯಿಲ್ಲದೆ ಮಲಗಿದ್ದರೆ, ಮಾವ ಬಾಡಿಗೆ ಕಾರು ಮಾಡಿಕೊಂಡು ಮಂಗಳೂರು ಸ್ಟೇಷನ್ನಿನಲ್ಲಿ ಬೊಂಬಾಯಿಯಿಂದ ಬರುವ ರೈಲು ಕಾಯುತ್ತಿದ್ದರು. ಮೂರು ದಿನ ಕಾದ ಮೇಲೆ ಅಪ್ಪನ ಕಾಗದ ಬಂದು ವಿಷಯ ತಿಳಿಯಿತು. ಆದರೂ ಕಾರು ಬಿಟ್ಟು ಬಸ್ಸಿನಲ್ಲಿ ಹೋಗತೊಡಗಿದರೇ ಹೊರತು ಹೋಗುವುದನ್ನು ನಿಲ್ಲಿಸಲಿಲ್ಲ. ಬರ್ತೇನೆ ಅಂದಿದ್ದಾಳೆ, ತಾರೀಕು ಬರೆದಿಲ್ಲ ಅಷ್ಟೆ ಎಂದು ಅತ್ತೆಗೆ ಗದರುತ್ತಿದ್ದರಂತೆ.

ಆರನೆಯ ವಾರ ಅಮ್ಮ ನನ್ನ ಹೆಗಲು ಹಿಡಿದು ರೈಲಿನಿಂದಿಳಿದಾಗ ಮಾವ ಕೆಂಡಾಮಂಡಲವಾಗಿದ್ದರು. "ಎಂತ ಬರುವುದು ಮಾರಾಯ್ತಿ ಇದು! ನಾನು ಎಷ್ಟು ದಿನ ಅಂತ ನಿಲ್ಲುವುದು ಇಲ್ಲಿ?" ಎಂದು ಸ್ಟೇಷನ್ನಿಗೆಲ್ಲ ಕೇಳುವಂತೆ ಬೈಯತೊಡಗಿದರು. ನಡುವೆಯೇ ಅಳು ಬಂದು ಮಾತು ನಿಂತಿತು.

"ಬಂದೆನಲ್ಲ ಅಣ್ಣ," ಎಂದಳು ಅಮ್ಮ.