ಇನ್ನೊಂದು ಕುರಿ

ಬೆಳಕು ಹರಿಯುವ ಮುಂಚೆ ಡೊಲೀನಾ ಬೂದಿ ಕೆದಕಿ ಒಲೆ ಎಬ್ಬಿಸಿದಳು, ಹಸುವಿನ ಹಾಲು ಕರೆದಳು, ಓಟ್ಸ್ ಗಂಜಿ ತಿರುವಿದಳು, ಅತ್ತೆಯ ಉಚ್ಚೆಪಾತ್ರೆ ಚೆಲ್ಲಿ ತೊಳೆದಳು, ಗಂಡ ಫಾರ್ಕರ್‌ನ ಕರಿ ಕೋಟಿನಿಂದ ಬೆಕ್ಕಿನ ಕೂದಲು ಆಯ್ದಳು. ಅಂದು ಭಾನುವಾರ. ಹೈಲ್ಯಾಂಡ್ಸ್‌ನ ನಮ್ಮ ಭೂಶಿರದಲ್ಲಿ ಭಾನುವಾರ ಯಾರೂ ಕೆಲಸ ಮಾಡುವಂತಿಲ್ಲ. ಇವೆಲ್ಲ ಕೆಲಸವಲ್ಲ, ಅಗತ್ಯ ಎಂದು ಚರ್ಚಿನ ಹಿರಿಯರು ಎಂದೋ ತೀರ್ಮಾನಿಸಿದ್ದರು. ಕಡಲ ದಂಡೆಯಲ್ಲಿ ಸುಮ್ಮನೆ ಅಡ್ಡಾಡುವುದು ಮಾತ್ರ ಪಾಪ.

ಡೊಲೀನಾಗೆ ಬೇಕಾಗಿದ್ದುದು ಅದೇ. ಭೂಶಿರಕ್ಕೆ ಒಂದು ಸುತ್ತು. ‘ನನ್ನ ಕಾಲುಚೀಲ ಎಲ್ಲಿ’ ಎಂದು ಯಾರೂ ಕೂಗದಷ್ಟು ಹೊತ್ತು.

ಕಳೆದುಹೋದ ಕುರಿ ಹುಡುಕುವುದು ದಯೆಯ ಕೆಲಸ, ಅದಕ್ಕೆ ಅಡ್ಡಿಯಿಲ್ಲ. ಹಾಗಾಗಿ ಪ್ರತಿ ಭಾನುವಾರ ಪ್ರಾರ್ಥನೆ ಮುಗಿದೊಡನೆ ಅವರಿಗಿದ್ದ ಒಂದೇ ಕುರಿ, ಕರಿಮೂತಿ, ಕಳೆದುಹೋಗುತ್ತಿತ್ತು. ಗೇಟು ತೆಗೆಯುತ್ತಿದ್ದವಳು ಇವಳೇ.

ಶರತ್ಕಾಲದ ಆ ಭಾನುವಾರ ಕರಿಮೂತಿ ಕೈಕೊಟ್ಟಿತು. ಕಳೆದುಹೋಗದೆ ನಾಯಿಯ ಹಾಗೆ ಬೆನ್ನಿಗೇ ಬಂತು. ಕೆಂಪಡರಿದ ಜರೀಗಿಡಗಳ ನಡುವೆ ಚರ್ಚಿನ ಹಿರಿಯರಲ್ಲೊಬ್ಬನಾದ ಮುಂಗೋ ಎದುರಾದ. ಅವನಿಗೆ ಅಲ್ಲೇನು ಕೆಲಸವೆಂದು ಯಾರೂ ಕೇಳಲಿಲ್ಲ.

“ಏನಮ್ಮಾ, ಏನ್ ಹುಡುಕ್ತಿದೀಯ?”

“ಕುರಿ.”

“ಹಿಂದೆ ನಿಂತಿರೋಳು ನಿನ್ನ ತಂಗೀನಾ?”

“ಇದಲ್ಲ ಮುಂಗೋ, ಇನ್ನೊಂದು. ಹೊಸದು. ಪಾಪ, ದಾರಿ ಗೊತ್ತಿಲ್ಲ.”

ಮುಂಗೋ ಕರಗಿಹೋದ. ಮುಂದಿನ ಭಾನುವಾರ ಪ್ರವಚನ ಮುಗಿದ ಮೇಲೆ ಎದ್ದು ನಿಂತು, ದಾರಿ ತಪ್ಪಿದ ಆ ಜೀವವನ್ನು ಗಂಡಸರೆಲ್ಲ ಸೇರಿ ಹುಡುಕಬೇಕೆಂದ.

“ನಮ್ಮತ್ರ ಇರೋದು ಒಂದೇ ಅಲ್ವೇನೇ?” ಮನೆಗೆ ಬಂದ ಮೇಲೆ ಫಾರ್ಕರ್ ಹೆಂಡತಿಯನ್ನು ಕೇಳಿದ.

“ನೀನ್ಯಾವತ್ತು ಕೊಟ್ಟಿಗೆಗೆ ಕಾಲಿಟ್ಟಿದೀಯ, ಹೇಳೋಕೆ?”

ಅದೂ ನಿಜವೇ. ಫಾರ್ಕರ್ ಟೋಪಿ ಹಾಕಿಕೊಂಡ. “ನೀನ್ ಬರ್ಬೇಡ ಡಾಲಿ. ಆಲೂಗಡ್ಡೆ ಬೇಯ್ಸಿಟ್ಟಿರು, ಎಲ್ರೂ ಹಸ್ಕೊಂಡ್ ಬರ್ತಾರೆ.”

ಕಿಟಕಿಯಿಂದ ಕಂಡಿತು: ಕರಿ ಕೋಟುಗಳ ಸಾಲು ಎಡದ ದಂಡೆ ಹಿಡಿದು, ಇಲ್ಲದ ಕುರಿಯನ್ನು ಕೂಗುತ್ತ ಹೊರಟಿತ್ತು. ಯಾರೋ ನೀರಿನ ಮೇಲೆ ಕುಪ್ಪಳಿಸುವಂತೆ ಕಲ್ಲು ಎಸೆದರು. ಕಡಲಿನ ಸೀಲ್ ಪ್ರಾಣಿಗಳನ್ನು ನೋಡಲು ಮುಂಗೋ ಬಂಡೆಯ ಮೇಲೆ ಕೂತೇಬಿಟ್ಟ. ಗಾಳಿಯಲ್ಲಿ ನಗು ತೇಲಿಬಂತು. ಹೊಸಿಲಲ್ಲಿ ಕರಿಮೂತಿ ಮೆಲುಕು ಹಾಕುತ್ತಿತ್ತು.

“ಡಾಲೀ, ಟೀ ಎಲ್ಲೇ?” ಒಳಗಿನಿಂದ ಅತ್ತೆ.

ಡೊಲೀನಾ ಅತ್ತೆಗೆ ಟೀ ಕೊಟ್ಟಳು. ಆಲೂಗಡ್ಡೆಯ ಪಾತ್ರೆಯನ್ನು ಒಲೆಯಿಂದ ಇಳಿಸಿದಳು. ಅರ್ಧ ಬೆಂದಿದ್ದವು. ಕರಿಮೂತಿಯನ್ನು ಕೊಟ್ಟಿಗೆಗೆ ದೂಡಿ ಅಗಳಿ ಹಾಕಿದಳು. ಹುಡುಕಾಟಕ್ಕೆ ಒಯ್ಯುತ್ತಿದ್ದ ಹಗ್ಗವನ್ನು ಗೂಟದಲ್ಲೇ ಬಿಟ್ಟಳು.

ಗೇಟಿನಾಚೆ ಭೂಶಿರ ಸುತ್ತುವ ದಾರಿ ಎರಡಾಗಿತ್ತು. ಎಡಕ್ಕೆ ಹೋದರೆ ಗಂಡಸರ ಬೆನ್ನ ಹಿಂದೆ, ಯಾರಿಗೂ ಕಾಣದೆ ಸುತ್ತಿ ಬರಬಹುದಿತ್ತು. ಬಲಕ್ಕೆ ಹೋದರೆ ಅಷ್ಟೂ ಮಂದಿ ಎದುರಿಗೇ ಸಿಗುತ್ತಾರೆ.

ಅವಳು ಬಲಕ್ಕೆ ತಿರುಗಿದಳು.