ಹಲ್ಲಿಗೆ ಅಭ್ಯಂಜನ

ನನಗೆ ಹಲ್ಲಿಯೆಂದರೆ ಹೆದರಿಕೆ. ಮೊಮ್ಮಕ್ಕಳನ್ನು ಆಡಿಸುವ ವಯಸ್ಸು ಹತ್ತಿರ ಬಂದರೂ ಅದು ಹೋಗಿಲ್ಲ. ಹಾಗಿರುವಾಗ ಧಾರವಾಡದಲ್ಲಿ ಬಿ.ಎಡ್. ಓದುವ ಮಗಳು ಮೇಘನಾ, ಕಾಲೇಜಿನ ಪ್ರವಾಸಕ್ಕೆ ಹೊರಡುವ ಮುಂಚೆ ಶಿರಸಿಗೆ ಬಂದು ಗಾಜಿನ ಪೆಟ್ಟಿಗೆಯೊಂದನ್ನು ನನ್ನ ಮೇಜಿನ ಮೇಲಿಟ್ಟಳು. ಒಳಗೆ ಗೇಣುದ್ದದ ಎರಡು ಸಾಕುಹಲ್ಲಿಗಳು. ಒಂದರ ಹೆಸರು ಬೋಂಡಾ, ಇನ್ನೊಂದರದು ಅಂಬೊಡೆ. ಗೋಡೆ ಹತ್ತಲು ಬಾರದ ಜಾತಿಯಂತೆ. ಹತ್ತಲು ಬರುವಂಥವೇ ನಮ್ಮ ಅಡುಗೆಮನೆಯಲ್ಲಿ ಪುಕ್ಕಟೆ ಇರುವಾಗ ಇವನ್ನೇಕೆ ದುಡ್ಡು ಕೊಟ್ಟು ತಂದೆ ಎಂದು ಕೇಳಿದೆ. ಅವಳು ಬ್ಯಾಗು ತುಂಬಿಕೊಂಡಳು.

ಪೆಟ್ಟಿಗೆಯ ಮೂಲೆಯಲ್ಲಿ ಒದ್ದೆ ಹಾವಸೆ ತುಂಬಿದ ಸಣ್ಣ ಡಬ್ಬಿಯೊಂದಿತ್ತು. ಅದು ಯಾವಾಗಲೂ ಒದ್ದೆಯಾಗಿಯೇ ಇರಬೇಕೆಂದು ಹೇಳಿಹೋಗಿದ್ದಳು. ಆದರೆ ನಾನು ಶಿರಸಿಯವನು. ಚಪ್ಪಲಿ, ಬೆಲ್ಟು, ಮದುವೆಯ ಆಲ್ಬಮ್ಮು, ಏನನ್ನಿಟ್ಟರೂ ಬೂಸ್ಟು ಹಿಡಿಯುವ ಊರಿನಲ್ಲಿ ಬೆಳೆದವನಿಗೆ ಒದ್ದೆ ಕಂಡರೆ ಕೈ ಸುಮ್ಮನಿರುವುದಿಲ್ಲ. ಹೊರಗಿನಿಂದ ಬಂದ ಜೀವ, ಶೀತವಾದೀತು ಎಂದು ಹಾವಸೆಯನ್ನು ತಾರಸಿಯಲ್ಲಿ ಗರಿಗರಿಯಾಗಿ ಒಣಗಿಸಿ ಒಳಗಿಟ್ಟೆ. ಮಗಳು ಮೆಚ್ಚುತ್ತಾಳೆಂದೇ ತಿಳಿದಿದ್ದೆ.

ನಾಲ್ಕಾರು ದಿನದಲ್ಲಿ ಎರಡೂ ಸುಣ್ಣ ಬಳಿದಂತೆ ಬೆಳ್ಳಗಾದವು. ಪೊರೆ ಬಿಡುವ ಕಾಲ. ಅಂಬೊಡೆ ಹೇಗೋ ತನ್ನ ಪೊರೆ ಕಳಚಿ ಅದನ್ನೇ ತಿಂದುಬಿಟ್ಟಿತು. ತೊಟ್ಟ ಅಂಗಿಯನ್ನು ತಿಂದು ಮುಗಿಸುವ ಈ ಪದ್ಧತಿ ನಮ್ಮಲ್ಲೂ ಇದ್ದಿದ್ದರೆ ಇಸ್ತ್ರಿ ಅಂಗಡಿಯ ಕಡೆ ಹೋಗುವುದೇ ಬೇಡವಿತ್ತು. ಬೋಂಡಾನ ಪೊರೆ ಮಾತ್ರ ಅರ್ಧಂಬರ್ಧ ಮೈಗೆ ಅಂಟಿ, ಬೆರಳುಗಳಿಗೆ ದಾರ ಸುತ್ತಿದಂತೆ ಬಿಗಿದುಕೊಂಡಿತು. ಫೋನು ಮಾಡಿದೆ.

“ಅಪ್ಪಾ, ಹಂಗೇ ಬಿಟ್ರೆ ಅದ್ರ ಬೆರಳೇ ಉದ್ರಿ ಹೋಗ್ತು!” ಎಂದು ಮೇಘನಾ ಅತ್ತೇಬಿಟ್ಟಳು. “ಉಗುರುಬೆಚ್ಚಗಿನ ನೀರಲ್ಲಿ ನಿಲ್ಸು. ಹತ್ತೀಲಿ ಮೆತ್ತಗೆ ತೆಗಿ. ಎಳಿಯಡ.”

ಅಲ್ಲಿಗೆ ನನ್ನ ತಮಾಷೆಯೆಲ್ಲ ಇಳಿದುಹೋಯಿತು. ಪೊರೆ ಸಲೀಸಾಗಿ ಕಳಚಲೆಂದೇ ಆ ಒದ್ದೆ ಹಾವಸೆಯಂತೆ. ಒಣಗಿಸಿದವನು ನಾನು, ಬೆರಳು ಅದರದು.

ಕನ್ನಡಕದ ಅಂಗಡಿ ನನ್ನದು. ಸಾಸಿವೆಗಿಂತ ಸಣ್ಣ ತಿರುಪನ್ನು ಕೂರಿಸುವ ಕೈ ನಡುಗುವುದಿಲ್ಲವೆಂದು ಜಂಬವಿತ್ತು. ಆದರೆ ತಿರುಪು ನಮ್ಮನ್ನು ತಿರುಗಿ ನೋಡುವುದಿಲ್ಲ. ಬೋಂಡಾ ನೋಡಿತು. ಅದೂ ಸಾಲದೆಂಬಂತೆ, ನಮ್ಮ ಮನೆಯಲ್ಲಿ ಮೀಯುವುದೆಂದರೆ ಮೊದಲು ಎಣ್ಣೆಯಾದ್ದರಿಂದ, ಅದರ ಬೆನ್ನಿಗೊಂದಿಷ್ಟು ಕೊಬ್ಬರಿ ಎಣ್ಣೆ ಸವರಿದ್ದೆ. ಹಿಡಿದದ್ದೇ ತಡ, ಕೈಯಿಂದ ಚಂಗನೆ ನುಣುಚಿ, ಬಗ್ಗಿದ್ದ ನನ್ನ ತಲೆಯ ಮೇಲೆ ಕುಳಿತಿತು.

“ಅಯ್ಯೋ, ತಲೆ ಮೇಲೇ ಬಿತ್ತಲೋ!” ಎಂದು ಆಯಿ ಬಾಗಿಲಲ್ಲೇ ಕೂಗಿದಳು. ಎಂಬತ್ತು ದಾಟಿದ ನನ್ನ ತಾಯಿಗೆ ಯಾವ ಅಂಗದ ಮೇಲೆ ಹಲ್ಲಿ ಬಿದ್ದರೆ ಏನು ಫಲ ಎಂಬುದು ಪಂಚಾಂಗ ನೋಡದೆಯೂ ಬರುತ್ತದೆ. ತಲೆಯ ಫಲ ಅಷ್ಟೇನೂ ಚೆನ್ನಾಗಿಲ್ಲ. ನಮ್ಮ ಹಿರಿಯರು ಮೂಗು, ಭುಜ, ಮೊಣಕಾಲು ಎಂದು ಇಷ್ಟೆಲ್ಲ ವಿಚಾರ ಮಾಡಿದ್ದಾರೆ. ಮನುಷ್ಯ ಮೈಮೇಲೆ ಬಿದ್ದರೆ ಹಲ್ಲಿಗೇನು ಫಲ ಎಂದು ಮಾತ್ರ ಯಾರೂ ಬರೆದಿಟ್ಟಿಲ್ಲ. ಹಲ್ಲಿಗಳ ಪಂಚಾಂಗವೊಂದಿದ್ದರೆ ಆ ದಿನ ಬೋಂಡಾನಿಗೆ ಶಾಂತಿ ಮಾಡಿಸಲು ಹೇಳುತ್ತಿತ್ತು.

ಎಣ್ಣೆ ಒರೆಸಿ ಮತ್ತೆ ಹಿಡಿದೆ. ಅದು ಬಾಯಿ ತೆರೆಯಿತು, ನಾನೂ ತೆರೆದೆ. ಆಯಿಗೆ ತಡೆಯಲಾಗಲಿಲ್ಲ.

“ಹಂಗಲ್ದೋ ತಮಾ. ಅದ್ಕೆ ಹೆದ್ರಿಕೆ ಆಗ್ತಾ ಇದ್ದು. ಕೊಡು ಇಲ್ಲಿ.”

ಬಚ್ಚಲಿನಲ್ಲಿ ಮಣೆ ಹಾಕಿಕೊಂಡು ಕಾಲು ನೀಡಿ ಕುಳಿತಳು. ನಮ್ಮ ನೆಂಟರಿಷ್ಟರ ಕೂಸುಗಳನ್ನೆಲ್ಲ ಮೀಸಿದ್ದು ಆ ಕಾಲುಗಳ ಮೇಲೆಯೇ, ನನ್ನನ್ನೂ ಸೇರಿಸಿ. ಒದ್ದೆ ಬಟ್ಟೆ ಹಾಸಿ ಬೋಂಡಾನನ್ನು ಮಲಗಿಸಿ, ಬೊಗಸೆಯಿಂದ ಬೆಚ್ಚನೆಯ ನೀರು ಇಳಿಬಿಡುತ್ತ ಏನೋ ಗುನುಗಿದಳು. ಅದು ಕಣ್ಣು ಮುಚ್ಚಿತು. ಪೊರೆ ನೆನೆದು ಮೆತ್ತಗಾಗುವ ತನಕ ಕಾದು, ಹತ್ತಿಯಿಂದ ಒಂದೊಂದೇ ಬೆರಳು ನೀವಿದಳು. ಪುಟ್ಟ ಕೈಗವಸಿನಂತೆ ಪೊರೆ ಕಳಚಿ ಬಂತು. ಬೆರಳುಗಳು ಎಲ್ಲವೂ ಇದ್ದವು. ಸುಳ್ಳೇಕೆ, ನನಗೆ ಕಣ್ಣೀರು ಬಂತು.

ವಿಡಿಯೋ ಕಾಲಿನಲ್ಲಿ ಮೇಘನಾ ಒಂದೊಂದೇ ಬೆರಳು ಎಣಿಸತೊಡಗಿದಳು. ಆಯಿ ಫಕ್ಕನೆ ಬೋಂಡಾನ ಮೇಲೆ ಸೆರಗು ಮುಚ್ಚಿದಳು. “ಹಂಗೆಲ್ಲ ಎಣಿಸ್ಲಾಗ ಕೂಸೆ, ದೃಷ್ಟಿ ಆಗ್ತು.”

ಅಷ್ಟಕ್ಕೇ ಬಿಡದೆ, ದೃಷ್ಟಿಬೊಟ್ಟು ಇಡಲು ಕಾಡಿಗೆ ಡಬ್ಬಿ ತರಿಸಿ ಬೆರಳು ಅದ್ದಿಕೊಂಡಳು. ಸೆರಗು ಸರಿಸಿ ನೋಡಿದರೆ, ಹೊಸ ಹಳದಿ ಚರ್ಮದ ಮೇಲೆ ಹಣೆಯಿಂದ ಬಾಲದವರೆಗೆ ಕಪ್ಪು ಚುಕ್ಕೆಗಳು. ಇನ್ನೊಂದಿಡಲು ಜಾಗವೇ ಇಲ್ಲ.

“ಪಾಪ, ಇದ್ರ ಆಯಿ ಮೊದ್ಲೇ ಇಟ್ಟು ಕಳ್ಸಿದ್ದು” ಎಂದು, ಬೆರಳಿನ ಕಾಡಿಗೆಯನ್ನು ನನ್ನ ಕೆನ್ನೆಗೆ ಹಚ್ಚಿದಳು.