ಅವ್ವನಿಗೊಂದು ನೇಮಕಾತಿ ಪತ್ರ

ಆಪಾ ಅವರ ಎರಡೂ ತೋರುಬೆರಳುಗಳ ತುದಿ ಚಪ್ಪಟೆಯಾಗಿತ್ತು. ಮುನಿರಾಬಾದಿನ ನೀರಾವರಿ ಕಚೇರಿಯಲ್ಲಿ ವರ್ಷಗಟ್ಟಲೆ ಟೈಪ್ ಹೊಡೆದ ಬೆರಳುಗಳವು. ನಿವೃತ್ತಿಯಾದ ಮೇಲೂ ಮಾತಾಡುತ್ತ ಊಟದ ತಟ್ಟೆಯ ಅಂಚಿನ ಮೇಲೆ ಅವನ್ನು ಕುಟ್ಟುತ್ತಿದ್ದರು. ಕಾಲೋನಿಗೆಲ್ಲ ಅವರು ಆಪಾ, ಅಂದರೆ ಅಕ್ಕ. ನಮ್ಮವ್ವ ಅವರ ಮನೆಗೆಲಸ ಮಾಡುತ್ತಿದ್ದಳು.

ಒಂದು ದಿನ ಆಪಾ ಅವ್ವನಿಗೆ ನೇಮಕಾತಿ ಪತ್ರ ಕೊಡುತ್ತೇನೆಂದರು. ಕೆಲಸದ ಹೊತ್ತು, ವಾರದ ರಜೆ ಎಲ್ಲ ಅದರಲ್ಲಿ. ಜೊತೆಗೆ ಕಾರ್ಮಿಕಳೆಂದು ಸರ್ಕಾರಿ ನೋಂದಣಿ. ಅವ್ವ ಹೆದರಿದಳು.

"ಬ್ಯಾಡ್ರಿ ಆಪಾ, ನೌಕರಿ ಐತಂತ ನನ್ನ ರೇಷನ್ ಕಾರ್ಡ್ ಕಿತ್ಕೊಂಡಾರು."

"ಹೆಂಗ ಕಿತ್ಕೋತಾರ ನೋಡೂಣು. ಇಷ್ಟ ವರ್ಷ ಫೈಲ್ ಕಟ್ಟಿದಾಕಿ ನಾನು."

ನಾನಾಗ ಕಾಲೇಜಿನಲ್ಲಿದ್ದೆ. ಇಬ್ಬರ ಜೊತೆ ಕೊಪ್ಪಳದ ಕಾರ್ಮಿಕ ಇಲಾಖೆಯ ಕಚೇರಿಗೆ ಹೋದೆ. ಮೊದಲ ಸಲ ಫೋಟೊ ಸರಿಯಿಲ್ಲವೆಂದರು. ಎರಡನೆಯ ಸಲ ಆಧಾರ್‌ ಕಾರ್ಡಿನಲ್ಲಿ ಅವ್ವನ ಹೆಸರಿಗೆ ಒಂದು ಕೊಂಬು ತಪ್ಪಿತ್ತು. ಅದನ್ನು ತಿದ್ದಿಸಲು ಎರಡು ತಿಂಗಳು ಅಲೆದೆವು. ಮೂರನೆಯ ಸಲ ಗುಮಾಸ್ತ ನಕ್ಕ.

"ಸಂಸ್ಥೆಯ ಮೊಹರು ಇಲ್ಲಲ್ರಿ ಇದ್ರಾಗ. ಮನಿಗೆಲಸದಾಕಿಗೆ ಯಾರ್ ಇಷ್ಟೆಲ್ಲ ಮಾಡ್ತಾರ್ರಿ?"

"ನಾ ಮಾಡ್ತೀನಿ," ಎಂದು ಆಪಾ ಎದ್ದರು. ನೆಟ್ಟಗೆ ಬಸ್ ನಿಲ್ದಾಣದ ಹತ್ತಿರದ ಅಂಗಡಿಗೆ ಹೋಗಿ ರಬ್ಬರ್ ಮೊಹರು ಮಾಡಿಸಿದರು. ಮೇಲೆ ಅವರ ಹೆಸರು, ಕೆಳಗೆ 'ಉದ್ಯೋಗದಾತರು, ಅಡುಗೆಮನೆ'. ಮಧ್ಯಾಹ್ನ ತಿರುಗಿ ಬಂದು ಗುಮಾಸ್ತನ ಎದುರೇ ಅರ್ಜಿಯ ಮೇಲೆ ಒತ್ತಿದರು.

"ಸಂಸ್ಥೆ ಅಂದ್ರ ಏನ್ರಿ? ಒಬ್ರು ಕೆಲಸ ಮಾಡ್ತಾರ, ಒಬ್ರು ಮಾಡಿಸ್ಕೋತಾರ. ತಗೋಳಲ್ಲ ಅನ್ನೂದಾದ್ರ ಯಾಕಂತ ಬರದು ಕೊಡ್ರಿ."

ಬರೆದುಕೊಡಲು ಅವನಿಗೆ ಧೈರ್ಯವಾಗಲಿಲ್ಲ. ಅರ್ಜಿ ಒಳಗೆ ಹೋಯಿತು.

ಕಾಲೋನಿಯಲ್ಲಿ ಸಿಟ್ಟೆದ್ದಿತು. ಎದುರುಮನೆಯಾಕೆ ಜಗಳಕ್ಕೇ ಬಂದರು. "ನಿಮ್ಮಿಂದ ನಮ್ಮ ಕೆಲಸದಾಕಿನೂ ರಜಾ ಕೇಳಾಕತ್ತಾಳ."

"ಭಾಳ ಛಲೋ ಆತು. ಪತ್ರದ ನಮೂನಿ ಬೇಕಾದ್ರ ನನ್ನ ಹತ್ರ ಐತಿ, ಒಯ್ಯಿರಿ," ಎಂದರು ಆಪಾ.

ಕಾರ್ಡು ಬಂದ ದಿನ ಅವ್ವ ನನ್ನಿಂದ ಅದನ್ನು ಮೂರು ಸಲ ಓದಿಸಿದಳು. ಉದ್ಯೋಗ: ಗೃಹಕಾರ್ಮಿಕಳು. ರೇಷನ್ ಕಾರ್ಡಿಗೆ ಏನೂ ಆಗಲಿಲ್ಲ.

ಕಳೆದ ವರ್ಷ ಆಪಾ ತೀರಿಕೊಂಡರು. ಸುದ್ದಿ ಬಂದಾಗ ಅವ್ವ ಇನ್ನೊಂದು ಮನೆಯಲ್ಲಿ ಪಾತ್ರೆ ತಿಕ್ಕುತ್ತಿದ್ದಳು. "ಇದಿಷ್ಟು ಮುಗಿಸಿ ಹೋಗು," ಎಂದರಂತೆ ಆ ಮನೆಯವರು. ಅವ್ವ ಕೈ ತೊಳೆದುಕೊಂಡು ನೇರ ನನ್ನ ಹತ್ತಿರ ಬಂದಳು. ಅವರಿಗೆ ಕೊಡಲು ರಜೆಯ ಚೀಟಿ ಬರೆಯಲು ಹೇಳಿದಳು. 'ದಯವಿಟ್ಟು ಒಂದು ದಿನ ರಜೆ ಕೊಡಬೇಕೆಂದು...' ಎಂದು ಶುರು ಮಾಡಿದ್ದೆ. ಅವ್ವ ನನ್ನ ಕೈ ಹಿಡಿದು ನಿಲ್ಲಿಸಿದಳು.

"ಕೊಡ್ರಿ ಅಂತ ಬರೀಬ್ಯಾಡ. ತಗೊಂಡೀನಿ ಅಂತ ಬರಿ."